ಕೇಳದೆ ಬರೆದ ಉತ್ತರ

ಜನವರಿ 6, ಸೋಮವಾರ

ಔಷಧಿ ಕಂಪನಿಯವರು ವರ್ಷ ವರ್ಷ ಕೊಡುವ ಡೈರಿಯನ್ನು ಮಗಳಿಗೆ ದಾಟಿಸಿಬಿಡುತ್ತಿದ್ದೆ. ಅವಳು ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೆ ಕಪಾಟಿನಲ್ಲಿ ಡೈರಿಗಳ ರಾಶಿಯೇ ಆಗಿದೆ. ಈ ಸಲ ನಾನೇ ಬರೆಯೋಣ ಎಂದು ಕೂತಿದ್ದೇನೆ. ಮನೆಯಲ್ಲಿ ಮಾತಾಡಲು ಇನ್ನು ಯಾರಿದ್ದಾರೆ? ಯಜಮಾನರು ಒಬ್ಬರೇ. ಇವರದು ಸೋಫಾ ರಿಪೇರಿ ಕೆಲಸ. ಕೆನ್ನೆಯೊಳಗೆ ಮೊಳೆ ತುಂಬಿಕೊಂಡು, ಒಂದೊಂದಾಗಿ ತುಟಿಗೆ ತಂದು, ಬಟ್ಟೆಗೆ ಬಡಿಯುವ ಮನುಷ್ಯ. ಮೂವತ್ತು ವರ್ಷ ಹಾಗೆ ದುಡಿದವರಿಗೆ ಮನೆಗೆ ಬಂದ ಮೇಲೂ ಬಾಯಿ ತೆರೆಯುವ ಅಭ್ಯಾಸವಿಲ್ಲ.

ಇವತ್ತು ನಾನು ಕೆಲಸ ಮಾಡುವ ಆಸ್ಪತ್ರೆಯ ಲ್ಯಾಬಿನಲ್ಲಿ ಡಾಕ್ಟರಮ್ಮ ಹೊಸ ಅಧ್ಯಯನ ಶುರು ಮಾಡಿದರು. ತಂಬಾಕು ಹಾಕುವವರ ಕೆನ್ನೆಯ ಒಳಭಾಗವನ್ನು ಮರದ ಕಡ್ಡಿಯಿಂದ ಉಜ್ಜಿ, ಬಂದದ್ದನ್ನು ಗಾಜಿನ ಸ್ಲೈಡಿಗೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡುವುದು. ಒಂದು ಜೀವಕೋಶಕ್ಕೆ ಒಂದೇ ಕೇಂದ್ರ ಇರಬೇಕು, ಹಣ್ಣಿಗೊಂದು ಬೀಜದ ಹಾಗೆ. ಕೋಶಕ್ಕೆ ಪೆಟ್ಟು ಬಿದ್ದಿದ್ದರೆ ಆ ಬೀಜದಿಂದ ಚೂರೊಂದು ಸಿಡಿದು ಪಕ್ಕದಲ್ಲಿ ಬೇರೆಯಾಗಿ ಕೂತಿರುತ್ತದೆ. ಪುಸ್ತಕದಲ್ಲಿ ಅದಕ್ಕೆ ಉದ್ದದ ಹೆಸರಿದೆ. ಲ್ಯಾಬಿನಲ್ಲಿ ನಾವು ‘ಮರಿ’ ಎನ್ನುತ್ತೇವೆ. ಸಾವಿರ ಕೋಶ ನೋಡಿ, ಅದರಲ್ಲಿ ಮರಿ ಎಷ್ಟು ಎಂದು ಎಣಿಸಬೇಕು. ಮರಿ ಇದ್ದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ. ಆದರೆ ಅವು ಹೆಚ್ಚಾದರೆ ಆ ಬಾಯಿ ಯಾವ ದಾರಿ ಹಿಡಿದಿದೆ ಎಂದು, ಹುಣ್ಣು ಕಾಣುವ ಮೊದಲೇ ತಿಳಿಯಬಹುದು ಎನ್ನುವುದು ಡಾಕ್ಟರಮ್ಮನ ಆಸೆ.

ಕಡ್ಡಿ ಹಾಕುವ ಮೊದಲು ಏಳು ಪ್ರಶ್ನೆ ಕೇಳಬೇಕು. ಬಾಯಿಗೆ ಏನು ಹಾಕುತ್ತೀರಿ, ಎಷ್ಟು ಸಲ, ಯಾವ ಕೆನ್ನೆಗೆ, ಎಷ್ಟು ಹೊತ್ತು ಇಟ್ಟುಕೊಳ್ಳುತ್ತೀರಿ, ಹೀಗೆ. ಬಂದವರೆಲ್ಲ ನಿನ್ನೆಯೇ ಬಿಟ್ಟವರು. ಜೇಬಿನಲ್ಲಿ ಪೊಟ್ಟಣ ಇಣುಕುತ್ತಿರುತ್ತದೆ, “ಬಿಟ್ಬಿಟ್ಟೆ ಮೇಡಂ” ಎನ್ನುತ್ತಾರೆ. ನನಗೆ ಇಂಥವರನ್ನು ಕಂಡರೆ ಮೈ ಉರಿಯುತ್ತದೆ. ತಾವೇ ಬೆಂಕಿ ಇಟ್ಟುಕೊಂಡು ಆಮೇಲೆ ನೀರು ನೀರು ಎನ್ನುವ ಜನ.

ಪಕ್ಕದ ಮೇಜಿನ ಗಿಣಿ ಸ್ಲೈಡ್ ತೊಳೆಯುವ ಘಾಟಿನ ಕ್ಸೈಲೀನ್ ಬಾಟಲಿಯ ಮುಚ್ಚಳ ತೆರೆದೇ ಇದೆ, ತಲೆ ಸಿಡಿಯುತ್ತಿದೆ ಎಂದು ಕೂಗಿದಳು. (ಗಿಣಿ ಎಂದರೆ ನನ್ನ ಜೊತೆಯ ಟೆಕ್ನಿಷಿಯನ್. ಹದಿನೈದು ವರ್ಷದಿಂದ ಒಂದೇ ಸಮನೆ ಮಾತಾಡುತ್ತಿದ್ದಾಳೆ.) ಮುಚ್ಚಳ ತೆರೆದದ್ದು ನನ್ನ ಮೊಣಕೈ ಹತ್ತಿರವೇ. ನನಗೆ ಏನೂ ಗೊತ್ತಾಗಲಿಲ್ಲ. ಶೀತ ಇರಬೇಕು.

ಜನವರಿ 9, ಗುರುವಾರ

ಹೋಲಿಸಿ ನೋಡಲು ಚಟವಿಲ್ಲದವರ ಸ್ಲೈಡುಗಳೂ ಬೇಕು. ಚಟವಿಲ್ಲದವನು ಬಾಯಿ ತೋರಿಸಲು ಆಸ್ಪತ್ರೆಗೆ ಯಾಕೆ ಬರುತ್ತಾನೆ? “ನಿಮ್ಮ ನಿಮ್ಮ ಮನೆಯವರನ್ನೇ ಕರ್ಕೊಂಡು ಬನ್ನಿ” ಎಂದರು ಡಾಕ್ಟರಮ್ಮ. ನಾನು ಇವರನ್ನು ಕರೆದೆ. ಒಂದು ಮದುವೆಗೆ ಕರೆದರೆ ಹತ್ತು ನೆಪ ಹೇಳುವವರು, ಇದಕ್ಕೆ ಒಂದೇ ಮಾತಿಗೆ ಒಪ್ಪಿದರು. “ಕೊನೆಗೂ ಕರೆದೆಯಲ್ಲ. ಬರ್ತೀನಿ” ಎಂದರು. ಇಸ್ತ್ರಿ ಮಾಡಿದ ಅಂಗಿ ಬೇರೆ.

ಗಿಣಿ ಕಡ್ಡಿ ಹಾಕಿದಳು. ನಾನು ಪಕ್ಕದಲ್ಲಿ ನಿಂತು ಫಾರಂ ತುಂಬಿದೆ. ಏಳು ಪ್ರಶ್ನೆಗೂ ಚಕಚಕನೆ ಇಲ್ಲ, ಇಲ್ಲ, ಇಲ್ಲ. ಕಟ್ಟಿಕೊಂಡವರ ಬಗ್ಗೆ ಕೇಳಿ ಬರೆಯುವುದೇನಿದೆ? ಗಿಣಿ ಮೂಗು ಸೊಟ್ಟ ಮಾಡಿ ನನ್ನ ಮುಖ ನೋಡಿದಳು. ಇವರ ಬಟ್ಟೆಗೆ ಅಂಟಿನ ವಾಸನೆ ಮೆತ್ತಿರುತ್ತದೆ, ಪಾಪ, ಅವಳಿಗೆ ಅಭ್ಯಾಸವಿಲ್ಲ.

ಜನವರಿ 20, ಸೋಮವಾರ

ಕಣ್ಣು ಉರಿ. ಸ್ಲೈಡಿನ ಮೇಲೆ ಹೆಸರಿರುವುದಿಲ್ಲ, ಡಾಕ್ಟರಮ್ಮ ಹಾಕಿದ ನಂಬರ್ ಮಾತ್ರ. ಎಣಿಸುವವರಿಗೆ ಯಾರ ಬಾಯಿ ಎಂದು ತಿಳಿಯಬಾರದು, ತಿಳಿದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ. ನ್ಯಾಯವಾದ ಮಾತು.

ಇವತ್ತು ನಲವತ್ತೊಂದನೇ ನಂಬರ್ ಬಂತು. ಅಬ್ಬಾ. ಎಲ್ಲಿ ತಿರುಗಿಸಿದರೂ ಮರಿಗಳು. ಕೆಲವು ಕೋಶಗಳ ಬೀಜವೇ ಊದಿಕೊಂಡು ಅಂಕುಡೊಂಕಾಗಿದೆ. ಗಿಣಿಗೂ ತೋರಿಸಿದೆ. “ಇವನ ಹೆಂಡತಿ ಮನೇಲಿ ಏನು ಮಾಡ್ತಿದ್ದಾಳೋ, ಕಣ್ಣು ಕಾಣಲ್ವಾ” ಎಂದೆ. ಗಿಣಿ ನಕ್ಕಳು.

ಶೀತ ಇನ್ನೂ ಬಿಟ್ಟಿಲ್ಲ. ಹಾಲು ಸೀದು ತಳ ಕಪ್ಪಾಯಿತು.

ಜನವರಿ 28, ಮಂಗಳವಾರ

ಡಾಕ್ಟರಮ್ಮ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು. ನಂಬರುಗಳನ್ನು ಹೆಸರುಗಳಿಗೆ ಹೊಂದಿಸಿ ನೋಡಿದ್ದಾರೆ. ನಲವತ್ತೊಂದು ಚಟವಿಲ್ಲದವರ ಗುಂಪಿನಲ್ಲಿದೆ.

“ಸ್ಲೈಡ್ ಏನಾದ್ರೂ ಅದಲು ಬದಲು ಆಗಿರಬಹುದಾ?” ಎಂದು ಕೇಳಿದರು.

ನನಗೆ ಸಿಟ್ಟು ನೆತ್ತಿಗೇರಿತು. ಈ ಕೈಯಲ್ಲಿ ಎಷ್ಟು ಸಾವಿರ ಸ್ಲೈಡ್ ಹಾದುಹೋಗಿವೆ, ಒಂದು ದಿನ ಒಂದು ಅದಲು ಬದಲಾಗಿಲ್ಲ. ಹಾಗೆಂದು ಮುಖಕ್ಕೇ ಹೇಳಿದೆ. “ಯಾರೋ ಸುಳ್ಳು ಹೇಳಿ ಆ ಗುಂಪಿಗೆ ಸೇರ್ಕೊಂಡಿದಾರೆ ಮೇಡಂ. ಕರೆಸಿ ಕೇಳಿ. ಬಾಯಿ ಸುಳ್ಳು ಹೇಳುತ್ತೆ, ಕೋಶ ಹೇಳಲ್ಲ.”

ಅವರು ಹೆಸರಿನ ಪಟ್ಟಿಯನ್ನು ನನ್ನ ಕಡೆ ತಿರುಗಿಸಿದರು. ಆಮೇಲೆ ಹೇಳಿದರು. “ನಿಮ್ಮ ಯಜಮಾನರದು.”

“ಹಾಗಾದ್ರೆ ನಾನೇ ಅದಲು ಬದಲು ಮಾಡಿರಬೇಕು” ಎಂದೆ.

ಜನವರಿ 29, ಬುಧವಾರ

ತಪ್ಪು ನನ್ನದೇ ಆಗಿರಲಿ. ಇಷ್ಟು ವರ್ಷದಲ್ಲಿ ಒಂದು ತಪ್ಪು ಮಾಡಲು ನನಗೂ ಹಕ್ಕಿದೆ.

ಸ್ಲೈಡ್ ಒಡೆಯಿತು, ಇನ್ನೊಂದು ಸಲ ಬರಬೇಕು ಎಂದು ಇವರಿಗೆ ಹೇಳಿದೆ. ನನ್ನನ್ನೇ ನೋಡಿದರು. “ಸರಿ” ಎಂದರು.

ಜನವರಿ 31, ಶುಕ್ರವಾರ

ಈ ಸಲ ಗಿಣಿಯನ್ನು ಹೊರಗೆ ಕಳಿಸಿ ನಾನೇ ಟಾರ್ಚ್ ಹಿಡಿದೆ. ಮದುವೆಯಾಗಿ ಇಷ್ಟು ವರ್ಷವಾದರೂ ಇವರ ಬಾಯಿಯೊಳಗೆ ನೋಡಿದ್ದು ಇದೇ ಮೊದಲು. ಎಡಗೆನ್ನೆಯ ಒಳಗೆ, ಕೆಳ ಹಲ್ಲುಗಳ ಹತ್ತಿರ, ಬೆರಳುಗುರಿನಷ್ಟು ಬಿಳಿ ಮಚ್ಚೆ. ಉಜ್ಜಿದರೂ ಹೋಗಲಿಲ್ಲ.

“ಮೊಳೆ ಇಟ್ಕೊಂಡು ಇಟ್ಕೊಂಡು ಆಗಿದ್ದು ಇದು” ಎಂದೆ. ನನಗೆ ಎಷ್ಟು ಸಮಾಧಾನವಾಯಿತೆಂದರೆ ಟಾರ್ಚ್ ಹಿಡಿದ ಕೈ ಹಗುರಾಯಿತು.

“ಮೊಳೆ ಬಲಗಡೆ ಇಟ್ಕೊಳ್ತಿದ್ದೆ” ಎಂದರು. “ಅದೂ ಈಗೆಲ್ಲಿ? ಪಿನ್ ಹೊಡೆಯೋ ಗನ್ ಬಂದು ನಾಲ್ಕು ವರ್ಷ ಆಯ್ತು. ಮೊಳೆ ಬಾಯಿಗೆ ಹಾಕೋದೇ ಇಲ್ಲ.”

ಗನ್ ಬಂದದ್ದು ನನಗೆ ಗೊತ್ತೇ ಇರಲಿಲ್ಲ. ಇವರ ಅಂಗಡಿ ಇರುವುದು ನಮ್ಮ ಬಸ್ಸು ತಿರುಗುವ ಮೂಲೆಯಲ್ಲಿ. ಒಳಗೆ ಕಾಲಿಟ್ಟು ಎಷ್ಟು ಕಾಲವಾಯಿತೋ.

ಫಾರಂ ಮೇಜಿನ ಮೇಲೇ ಇತ್ತು. ಮೊದಲನೇ ಪ್ರಶ್ನೆ ಕೇಳಿದೆ, ಎಲ್ಲರಿಗೂ ಕೇಳುವ ಅದೇ ದನಿಯಲ್ಲಿ. “ಬಾಯಿಗೆ ಏನಾದ್ರೂ ಹಾಕ್ತೀರಾ?”

“ತಂಬಾಕು ಹಾಕ್ತೀನಿ.”

“ಮೊನ್ನೆ ಯಾಕೆ ಹೇಳಲಿಲ್ಲ?”

“ನೀನು ಕೇಳಲಿಲ್ಲ. ನೀನೇ ಬರ್ಕೊಂಡೆ.”

ಇವರನ್ನು ಕುರ್ಚಿಯಲ್ಲೇ ಬಿಟ್ಟು ಹೊರಗೆ ಬಂದೆ. ಉಳಿದ ಆರು ಪ್ರಶ್ನೆಗಳನ್ನು ಗಿಣಿ ಕೇಳಿದಳು.

ಫೆಬ್ರವರಿ 1, ಶನಿವಾರ

ಮಗಳಿಗೆ ಫೋನ್ ಮಾಡಿ ಹೇಳಿದೆ. ಅವಳು ಬೆಚ್ಚಿಬೀಳುತ್ತಾಳೆ ಎಂದುಕೊಂಡಿದ್ದೆ.

“ಅಮ್ಮಾ, ಅಪ್ಪ ಹಾಕ್ತಾರೆ ಅಂತ ನಂಗೊತ್ತು. ಹತ್ರ ಕೂತ್ರೆ ವಾಸನೆ ಬರುತ್ತಲ್ಲ. ನಿಂಗೂ ಗೊತ್ತು, ಹೇಳಿ ಹೇಳಿ ಸಾಕಾಗಿ ಬಿಟ್ಟಿದೀಯ ಅಂದ್ಕೊಂಡಿದ್ದೆ.”

ಗಿಣಿಗೂ ಗೊತ್ತು. ಅಳಿಯನಿಗೂ ಗೊತ್ತಂತೆ. ಊರಿಗೆಲ್ಲ ಗೊತ್ತಿದ್ದದ್ದು ನನಗೊಬ್ಬಳಿಗೆ ಗೊತ್ತಿಲ್ಲ. ಕೈಯಲ್ಲಿ ದೀಪ ಹಿಡಿದುಕೊಂಡೇ ಬಾವಿಗೆ ಬಿದ್ದ ಹಾಗಾಯಿತು.

ಇವರ ಜೊತೆ ಮಾತು ಬಿಟ್ಟಿದ್ದೇನೆ. ಬಿಟ್ಟದ್ದು ಇವರಿಗೆ ಗೊತ್ತಾಗಿದೆಯೋ ಇಲ್ಲವೋ, ಅದೂ ತಿಳಿಯುತ್ತಿಲ್ಲ.

ಫೆಬ್ರವರಿ 4, ಮಂಗಳವಾರ

ಎರಡನೇ ಸ್ಲೈಡೂ ಹಾಗೇ ಇದೆ. ಡಾಕ್ಟರಮ್ಮನೇ ಎಣಿಸಿದರು. “ಇದು ಎಚ್ಚರಿಕೆ ಅಷ್ಟೇ, ತೀರ್ಪಲ್ಲ. ಮಚ್ಚೆಯಿಂದ ಚೂರು ತೆಗೆದು ನೋಡಿದ್ರೆ ಮಾತ್ರ ನಿಜ ಗೊತ್ತಾಗೋದು. ಕರ್ಕೊಂಡು ಬನ್ನಿ” ಎಂದರು.

ಮಾತು ಬಿಟ್ಟದ್ದನ್ನು ಮರೆತು ಹೇಳಿದೆ. “ಬೇಡ ಬಿಡು” ಎಂದರು ಇವರು. “ಆದದ್ದಾಗ್ಲಿ.” ಎದ್ದು ಕೈ ತೊಳೆದುಕೊಂಡರು.

ಆದದ್ದಾಗಲಿ ಎನ್ನುವವರನ್ನು ನಾನು ಲ್ಯಾಬಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಅವರಲ್ಲಿ ಕೆಲವರನ್ನು ಆಮೇಲೆ ಮೇಲಿನ ವಾರ್ಡಿನಲ್ಲೂ ನೋಡಿದ್ದೇನೆ. ಇವರು ಆ ಮಂಚದ ಮೇಲೆ ಮಲಗಿದ ಹಾಗೆ ಕಣ್ಣಿಗೆ ಕಟ್ಟಿತು. ಹೆದರಿಕೆಯಾಗುತ್ತಿದೆ. ಬೇರೆ ಮಾತೇ ಇಲ್ಲ, ಹೆದರಿಕೆಯಾಗುತ್ತಿದೆ.

ಫೆಬ್ರವರಿ 5, ಬುಧವಾರ

ಅರ್ಧ ದಿನ ರಜೆ ಹಾಕಿ ಇವರ ಅಂಗಡಿಗೆ ಹೋದೆ. ಜಗಳವಾಡಲೆಂದೇ ಹೋದದ್ದು, ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಹೋಗಿದ್ದೆ.

ಅಂಗಡಿ ಬದಲಾಗಿದೆ. ಮೊಳೆಯ ಡಬ್ಬಗಳು ಅಟ್ಟದ ಮೇಲೆ ಧೂಳು ಹಿಡಿದು ಕೂತಿವೆ. ಗಾಳಿಯ ಮಷಿನ್ನಿಗೆ ಪೈಪು ಹಾಕಿ, ಅದಕ್ಕೆ ಪಿಸ್ತೂಲಿನಂಥದ್ದನ್ನು ಸಿಕ್ಕಿಸಿ ಟಪಟಪ ಪಿನ್ ಹೊಡೆಯುತ್ತಿದ್ದರು. ನನ್ನನ್ನು ಕಂಡು ಮಷಿನ್ ಆರಿಸಿದರು. ಕೂರಲು ಜಾಗವಿರಲಿಲ್ಲ. ಹೊಟ್ಟೆ ಬಿಚ್ಚಿದ ಸೋಫಾದ ಸ್ಪ್ರಿಂಗಿನ ಮೇಲೆ ಹಲಗೆ ಇಟ್ಟು ಕೊಟ್ಟರು.

ಫಾರಂನಲ್ಲಿ ಇಲ್ಲದ ಪ್ರಶ್ನೆಯನ್ನೇ ಮೊದಲು ಕೇಳಿಬಿಟ್ಟೆ. “ಯಾಕ್ರೀ ಶುರು ಮಾಡಿದ್ರಿ?”

ಕೈಯಲ್ಲಿದ್ದ ಗನ್ ಕೆಳಗಿಟ್ಟರು. “ಗನ್ ಬಂದ ಮೇಲೆ ಬಾಯಿ ಖಾಲಿ ಆಯ್ತು” ಎಂದರು. “ಮೂವತ್ತು ವರ್ಷ ಏನಾದ್ರೂ ಇರ್ತಿತ್ತಲ್ಲ ಒಳಗೆ. ಕೈ ಕೆಲಸ ಮಾಡ್ತಿದ್ರೆ ಬಾಯಿ ಮೊಳೆ ಹುಡುಕೋದು. ಪಕ್ಕದ ವೆಲ್ಡಿಂಗ್‌ನವನು ಒಂದು ಚಿಟಿಕೆ ಕೊಟ್ಟ. ಎಡಗಡೆ ಇಟ್ಕೊಂಡೆ.”

ಇಷ್ಟು ಉದ್ದದ ಮಾತು ಇವರ ಬಾಯಿಂದ ಕೇಳಿ ಎಷ್ಟು ವರ್ಷವಾಯಿತೋ. ಆಮೇಲೆ ಇವರು ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಬರೆದಿಡುತ್ತೇನೆ.

“ಮೊದಲನೇ ದಿನ ಹಾಕ್ಕೊಂಡೇ ಮನೆಗೆ ಬಂದೆ. ಇವತ್ತು ಮಂಗಳಾರತಿ ಇದೆ ಅಂತ ಕಾಯ್ತಿದ್ದೆ. ನೀನು ಪಕ್ಕದಲ್ಲೇ ಕೂತೆ. ಊಟ ಬಡಿಸಿದೆ. ಏನೂ ಅನ್ನಲಿಲ್ಲ. ಮಾರನೇ ದಿನಾನೂ ಅನ್ನಲಿಲ್ಲ. ದಿನಾ ಇಂಥ ಬಾಯಿಗಳನ್ನೇ ನೋಡೋಳು, ಇವಳಿಗೆ ಗೊತ್ತಾಗದೇ ಇರುತ್ತಾ? ಗೊತ್ತಿದ್ದೂ ಸುಮ್ಮನಿದ್ದಾಳೆ ಅಂದ್ರೆ ನನ್ನ ಕೈ ಬಿಟ್ಟಿದ್ದಾಳೆ ಅಂತ ಅಂದ್ಕೊಂಡೆ. ಮೊನ್ನೆ ಆಸ್ಪತ್ರೆಗೆ ಬನ್ನಿ ಅಂದಾಗ, ಹೋ, ಕೊನೆಗೂ ಬೈತಾಳೆ ಅಂತ ಖುಷಿಯಾಗಿ ಬಂದೆ. ಅಲ್ಲೂ ನೀನು ನನ್ನನ್ನ ಏನೂ ಕೇಳಲಿಲ್ಲ. ಅಷ್ಟಾದ ಮೇಲೆ ಚೂರು ತೆಗೆಸಿದ್ರೇನು, ಬಿಟ್ರೇನು.”

ಹಲಗೆಯ ಮೇಲೆಯೇ ಇವರ ಕಡೆಗೆ ತಿರುಗಿದೆ.

“ನನಗೆ ವಾಸನೆ ಗೊತ್ತಾಗಲ್ಲ ಕಣ್ರೀ” ಎಂದೆ.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಶೀತ, ಶೀತ ಎಂದು ನನಗೆ ನಾನೇ ಹೇಳಿಕೊಂಡಿದ್ದೇ ಹೆಚ್ಚು. ಲ್ಯಾಬಿನಲ್ಲಿ ಗೊತ್ತಾದರೆ, ಬಾಟಲಿ ಸೋರಿದರೂ ತಿಳಿಯದವಳು ಎಂದು ಬಣ್ಣ ಹಾಕುವ ಮೇಜಿನಿಂದ ಎಬ್ಬಿಸುತ್ತಾರೆ ಎನ್ನುವ ಭಯ.

ಇವರು ನಂಬಲಿಲ್ಲ. ಅಂಟಿನ ಡಬ್ಬ ತಂದು ಮುಚ್ಚಳ ಕಿತ್ತು ನನ್ನ ಮೂಗಿನ ಕೆಳಗೆ ಹಿಡಿದರು. ಅಷ್ಟು ದೂರದಲ್ಲಿದ್ದ ಇವರ ಕಣ್ಣಲ್ಲೇ ನೀರು ಬಂತು. ನಾನು ಇವರ ಮುಖ ನೋಡುತ್ತಾ ಕೂತಿದ್ದೆ. ನನ್ನ ಮೂಗಿಗೆ ಅದು ಬರೀ ನೀರು ಹಿಡಿದ ಹಾಗೆ. ಮುಚ್ಚಳ ಹಾಕಿ ಡಬ್ಬ ಕೆಳಗಿಟ್ಟರು.

“ಯಾವಾಗಿಂದ?”

“ನೀವು ಶುರು ಮಾಡೋಕೆ ಮುಂಚೆಯಿಂದ ಇರಬೇಕು.”

ಇವರು ನನ್ನ ಪಕ್ಕದಲ್ಲಿ, ಹಲಗೆಯ ತುದಿಗೆ ಕೂತರು. ಸ್ಪ್ರಿಂಗು ಇಬ್ಬರ ಭಾರಕ್ಕೂ ಕಿರ್ರೆಂದಿತು.

“ಚೂರು ತೆಗೆಸೋಕೆ ಯಾವತ್ತು ಬರಬೇಕು?” ಎಂದು ಕೇಳಿದರು.

ಫೆಬ್ರವರಿ 14, ಶುಕ್ರವಾರ

ವರದಿ ಬಂತು. ಕ್ಯಾನ್ಸರ್ ಅಲ್ಲ. ಆದರೆ ಕೋಶಗಳು ಸಾಲು ತಪ್ಪಿವೆ, ಮಧ್ಯಮ ಮಟ್ಟಕ್ಕೆ. ಹೀಗೇ ಬಿಟ್ಟರೆ ಮುಂದೆ ಕ್ಯಾನ್ಸರ್‌ಗೆ ತಿರುಗಬಹುದು, ತಿರುಗದೆಯೂ ಇರಬಹುದು. ಮಚ್ಚೆ ತೆಗೆಸಬೇಕು, ತಂಬಾಕು ಬಿಡಬೇಕು, ಮೂರು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು. “ಸರಿಯಾದ ಸಮಯಕ್ಕೆ ಸಿಕ್ತು” ಎಂದರು ಡಾಕ್ಟರಮ್ಮ. ನಾನು ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಸಂಜೆ ಗಿಣಿ ಗೊಣಗಿದಳು. “ಅಕ್ಕ, ಒಬ್ಬೊಬ್ಬರ ಹತ್ರ ಅಷ್ಟು ಹೊತ್ತು ಮಾತಾಡ್ತಾ ಕೂತ್ರೆ ಸಾಲು ಕರಗೋದು ಯಾವಾಗ?” ನಾನೆಲ್ಲಿ ಅಷ್ಟು ಮಾತಾಡಿದೆ? ಆ ಲಾರಿ ಡ್ರೈವರ್ ಯಾಕೆ ಶುರು ಮಾಡಿದ ಎಂದು ಕೇಳಿದೆ, ಅವನು ಹೇಳಿದ, ಅಷ್ಟೇ. ಗಿಣಿ ನನಗೆ ಮಾತು ಕಡಿಮೆ ಮಾಡಲು ಹೇಳುವ ಕಾಲ ಬಂತು.

ಮಾರ್ಚ್ 5, ಬುಧವಾರ

ಮಚ್ಚೆ ತೆಗೆದ ಗಾಯ ಒಣಗಿದೆ. ಮನುಷ್ಯ ಮಾತ್ರ ಮುಳ್ಳುಹಂದಿ ಆಗಿದ್ದಾರೆ. ಚಪ್ಪಲಿ ಸಿಗದಿದ್ದರೆ ನನ್ನ ತಪ್ಪು, ಬಸ್ಸು ತಡವಾದರೆ ನನ್ನ ತಪ್ಪು. ತಂಬಾಕು ಬಿಟ್ಟವರು ಹೀಗೇ ಎಂದು ಎಷ್ಟೋ ಹೆಂಗಸರು ಹೇಳಿದ್ದರು, ಆಗ ನಾನು ಅರ್ಧ ಕಿವಿಯಲ್ಲಿ ಕೇಳಿದ್ದೆ.

ಲವಂಗ ಕೊಟ್ಟೆ, ಬೇಡವಂತೆ. ಏಲಕ್ಕಿ ಕೊಟ್ಟೆ, ಅದೂ ಬೇಡ. “ಬಾಯಿಗೆ ಕೆಲಸ ಬೇಕು” ಎಂದರು. “ಹಾಗಾದ್ರೆ ಮಾತಾಡಿ” ಎಂದೆ, ಸಿಟ್ಟಿನಲ್ಲಿ.

ಮಾರ್ಚ್ 23, ಭಾನುವಾರ

ನನ್ನ ಬಾಯಿಗೆ ಮಣ್ಣು ಹಾಕ. ಯಾಕಾದರೂ ಹೇಳಿದೆನೋ, ಈಗ ಇವರ ಬಾಯಿ ನಿಲ್ಲುತ್ತಿಲ್ಲ. ಹಳೇ ಸೋಫಾಗಳ ಹೊಟ್ಟೆಯಲ್ಲಿ ಸಿಕ್ಕಿದ್ದೆಲ್ಲ ಕಥೆಯಾಗಿ ಬರುತ್ತಿದೆ. ಒಬ್ಬರ ಮನೆಯ ಸೋಫಾದಲ್ಲಿ ಹಲ್ಲಿನ ಸೆಟ್ಟು ಸಿಕ್ಕಿತಂತೆ. ಕೊಡಲು ಹೋದರೆ ಆ ಮನೆಯ ಮೂವರು ಹಿರಿಯರೂ ತಮ್ಮದಲ್ಲ ಎಂದರಂತೆ, ಒಬ್ಬರ ಬಾಯಿ ಮಾತ್ರ ಬೊಚ್ಚಾಗಿತ್ತಂತೆ. ನಗುತ್ತಾ ನಗುತ್ತಾ ಅನ್ನ ನೆತ್ತಿಗೇರಿತು. ಇಷ್ಟೆಲ್ಲ ಮಾತನ್ನು ಇವರು ಎಲ್ಲಿ ಅಡಗಿಸಿಟ್ಟಿದ್ದರು? ನನಗೆ ಡೈರಿ ಬರೆಯಲೂ ಪುರುಸೊತ್ತಿಲ್ಲ.

ಮೊನ್ನೆ ಮೂಗಿನ ಡಾಕ್ಟರ ಹತ್ತಿರ ಹೋಗಿದ್ದೆವು, ಇವರೇ ಎಳೆದುಕೊಂಡು ಹೋದರು. ಕೆಲಸದಿಂದಲೂ ಆಗಿರಬಹುದು, ಹಿಂದೆ ಬಂದ ಯಾವುದೋ ಜ್ವರದಿಂದಲೂ ಆಗಿರಬಹುದು, ವಾಸನೆ ಪೂರ್ತಿ ಮರಳುತ್ತದೆ ಎಂದು ಹೇಳಲಾಗದು ಎಂದರು. ಡಾಕ್ಟರಮ್ಮನಿಗೆ ಹೇಳಿಬಿಟ್ಟೆ. ಬಣ್ಣದ ಮೇಜು ಈಗ ಗಿಣಿಗೆ, ನನಗೆ ಕಿಟಕಿ ಪಕ್ಕದ ಮೈಕ್ರೋಸ್ಕೋಪು. ಆಕಾಶವೇನೂ ಕಳಚಿ ಬೀಳಲಿಲ್ಲ.

ಮೇ 12, ಸೋಮವಾರ

ಇವರ ಕೆನ್ನೆಯನ್ನು ಮತ್ತೆ ಉಜ್ಜುವ ದಿನ. ಗಿಣಿ ಕಡ್ಡಿ ಹಿಡಿದಳು, ಫಾರಂ ನಾನು ಹಿಡಿದೆ. ಈ ಸಲ ಕೂತುಕೊಂಡು ಕೇಳಿದೆ, ಒಂದೊಂದಾಗಿ.

“ಬಾಯಿಗೆ ಏನಾದ್ರೂ ಹಾಕ್ತೀರಾ?”

ಇವರು ಗಿಣಿಯನ್ನು ನೋಡಿದರು, ನೆಲ ನೋಡಿದರು. “ಬಿಟ್ಟಿದ್ದೀನಿ. ಮಧ್ಯೆ ಎರಡು ಸಲ ಹಾಕಿದೆ.”

ಎರಡು ಸಲ. ನನಗೆ ಗೊತ್ತೇ ಇರಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ. ಇಲ್ಲ ಎಂದಿದ್ದರೆ ಇಲ್ಲ ಎಂದೇ ನಂಬುತ್ತಿದ್ದೆ. ಆದರೂ ಬೈಗುಳ ಬಾಯಿಗೆ ಬರಲಿಲ್ಲ. ‘ಎರಡು ಸಲ’ ಎಂದು ಬರೆದೆ.

“ಬೈಯಲ್ವಾ?” ಎಂದು ಮೆಲ್ಲಗೆ ಕೇಳಿದರು.

“ಮನೆಗೆ ಬನ್ನಿ” ಎಂದೆ. ಮುಖ ಅರಳಿತು.

ಮೇ 16, ಶುಕ್ರವಾರ

ಎಣಿಸಿದ್ದು ಡಾಕ್ಟರಮ್ಮ. ಮರಿಗಳು ಮೊದಲಿನ ಅರ್ಧಕ್ಕಿಂತ ಕಡಿಮೆಯಾಗಿವೆ. ಚಟವೇ ಇಲ್ಲದವರಿಗಿಂತ ಈಗಲೂ ಹೆಚ್ಚು. “ದಾರಿ ತಿರುಗಿದೆ, ಊರು ಇನ್ನೂ ದೂರ. ನೋಡ್ತಾ ಇರಬೇಕು” ಎಂದರು.

ಮನೆಯಲ್ಲಿ ಒಲೆಯ ಮುಂದೆ ನಿಂತಿದ್ದೆ. “ಹಾಲು ಸೀಯ್ತಿದೆ, ಒಲೆ ಆರಿಸು” ಎಂದು ಇವರು ಹೊರಕೋಣೆಯಿಂದಲೇ ಕೂಗಿದರು. ಈಗೀಗ ದಿನವೂ ಹೀಗೇ. ಆರಿಸಿ ಬಂದು ಪಕ್ಕದಲ್ಲಿ ಕೂತೆ. ವರದಿಯ ಸುದ್ದಿ ಹೇಳಿದೆ. ಸೋಫಾದ ಕೈಯನ್ನು ಉಗುರಿನಿಂದ ಕೆರೆಯುತ್ತಾ ಕೇಳಿಸಿಕೊಂಡರು. ಊರಿನ ಸೋಫಾಗಳನ್ನೆಲ್ಲ ರಿಪೇರಿ ಮಾಡುವವರ ಮನೆಯ ಸೋಫಾದ ಕೈ ಹರಿದು ಹತ್ತಿ ಹೊರಗೆ ಬಂದಿದೆ.

ಆಮೇಲೆ ಇದ್ದಕ್ಕಿದ್ದಂತೆ ನನ್ನ ಮುಖದ ಹತ್ತಿರ ಬಂದು “ಹಾ” ಎಂದು ಉಸಿರು ಬಿಟ್ಟರು. ಬೆಚ್ಚಗಿತ್ತು, ಅಷ್ಟೇ ಗೊತ್ತಾಗಿದ್ದು.

“ವಾಸನೆ ಬಂತಾ?”

“ನನ್ನನ್ನೇನು ಕೇಳ್ತೀರಿ? ನೀವೇ ಹೇಳಿ. ಹಾಕಿದ್ರಾ?”

“ಇವತ್ತು ಇಲ್ಲ” ಎಂದರು.

ನಂಬಿದೆ. ನಾಳೆ ಮತ್ತೆ ಕೇಳಬೇಕು.